ಕೊನೇ ಐದು ಅಂಕಿ ಸಾಕು ಅಂದಿದ್ದು ನಾನೇ

ಎರಡು ವರ್ಷ ಆಯ್ತು, ಈಗ್ಲೂ ಹ್ಯಾಚರಿ ಶೆಡ್ಡಿನ ತಗಡಿನ ಮೇಲೆ ಜೋರು ಮಳೆ ಬಿದ್ರೆ ನಂಗೆ ಆ ಬೆಳಗಿನ ಜಾವದ ಬೇಸಿನ್ ನೆನಪಾಗತ್ತೆ. ಬೇಸಿನ್ ತುಂಬ ರೋಹು ಮೀನಿನ ಮೊಟ್ಟೆ, ಪಕ್ಕದಲ್ಲಿ ಕೋಳಿ ಗರಿ ಹಿಡ್ಕೊಂಡು ನಾನು, ಎದುರಿಗೆ ಟ್ಯಾಗ್ ರೀಡರ್ ಹಿಡ್ಕೊಂಡು ನಮ್ಮ ಫೀಲ್ಡ್ ಅಣ್ಣ.

ನಾನು ಕೆಲಸ ಮಾಡೋದು ಭದ್ರಾ ಕಾಲುವೆ ಕಡೆ ಒಂದು ಫಾರ್ಮಲ್ಲಿ, ರೋಹು ಬ್ರೀಡಿಂಗ್ ಪ್ರೋಗ್ರಾಂ. 40 ಫ್ಯಾಮಿಲಿ (ಒಂದೇ ಅಪ್ಪ ಅಮ್ಮನ ಮರಿಗಳೆಲ್ಲ ಒಂದು ಫ್ಯಾಮಿಲಿ), ಸುಮಾರು 1,800 ಮೀನಿಗೆ ಪಿಟ್ ಟ್ಯಾಗ್, ಅಂದ್ರೆ ಮೈಯೊಳಗೆ ಚುಚ್ಚೋ ಪುಟ್ಟ ನಂಬರ್ ಚಿಪ್. ಮರಿ 10–15 ಗ್ರಾಂ ಆಗೋವರೆಗೂ ಒಂದೊಂದು ಫ್ಯಾಮಿಲಿನೂ ಬೇರೆ ಬೇರೆ ಇಟ್ಟು, ಆಮೇಲೆ ಟ್ಯಾಗ್ ಚುಚ್ಚಿ, ಡಿಎನ್ಎಗೋಸ್ಕರ ರೆಕ್ಕೆ ತುದಿ ಚೂರು ಕತ್ತರಿಸಿ ಎಥೆನಾಲ್ ಟ್ಯೂಬಿಗೆ ಹಾಕಿ, ಎಲ್ಲಾನೂ ಒಂದೇ ಕೊಳಕ್ಕೆ ಬಿಡ್ತೀವಿ. ಟ್ಯಾಗ್ ನಂಬರ್ 15 ಅಂಕಿ. ಈ ಮೀನಿಗೆ ಟ್ಯಾಗ್ ಹಾಕಿದ ವರ್ಷ ರೀಡರಿಂದ ಡೇಟಾ ಇಳಿಸಿ ಎಕ್ಸೆಲ್ಲಲ್ಲಿ ತೆಗೆದ್ರೆ ನಂಬರೆಲ್ಲಾ 9.85 ಇ ಪ್ಲಸ್ 14 ಥರ ಮೊಟಕಾಗಿ ಕಾಣ್ತಿತ್ತು. ಕಾಲಂ ಫಾರ್ಮ್ಯಾಟ್ ಬದಲಾಯಿಸೋದು ಎರಡು ಕ್ಲಿಕ್ಕಿನ ಕೆಲಸ, ಆದ್ರೆ ನಾನು ಅದನ್ನ ಮಾಡದೇ ಹಾಗೇ ಸಿಎಸ್‌ವಿ ಸೇವ್ ಮಾಡಿ ರೀಡರ್ ಮೆಮೊರಿ ಖಾಲಿ ಮಾಡಿಬಿಟ್ಟೆ. ಪೂರ್ತಿ ನಂಬರ್ ಅಲ್ಲಿಗೇ ಹೋಯ್ತು. ಉಳಿದಿದ್ದು ಕೊಳದ ದಂಡೆಯಲ್ಲಿ ಒದ್ದೆ ಕೈಯಲ್ಲಿ ಬರೆದ ಪುಸ್ತಕ ಮಾತ್ರ, ಅದರಲ್ಲಿ ಬರೀ ಕೊನೇ ಐದು ಅಂಕಿ, ಯಾಕಂದ್ರೆ "15 ಅಂಕಿ ಬರೀತಾ ಕೂತ್ರೆ ಮೀನು ಸಾಯತ್ತೆ, ಕೊನೇ ಐದು ಸಾಕು" ಅಂತ ಹೇಳಿದ್ದು ನಾನೇ. ಟ್ಯೂಬಿನ ಮೇಲೂ ಪೆನ್ಸಿಲಲ್ಲಿ ಅದೇ ಐದು.

ನಂಗೆ ಗೊತ್ತಿಲ್ಲದೇ ಇದ್ದಿದ್ದು ಏನಂದ್ರೆ ಟ್ಯಾಗಿಂಗ್ ಅರ್ಧ ಆದ್ಮೇಲೆ ಸ್ಟೋರಿಂದ ಬಂದಿದ್ದು ಬೇರೆ ಕಂಪನಿ ಲಾಟ್. 20ನೇ ಫ್ಯಾಮಿಲಿವರೆಗೆ 900ರಿಂದ ಶುರುವಾಗೋ ಟ್ಯಾಗು, 21ರಿಂದ ಆಚೆ 985. ಮೊದಲ ಮೂರು ಅಂಕಿ ತಯಾರು ಮಾಡಿದವರ ಕೋಡು, ಅದು ಬೇರೆಯಾದ್ರೆ ಕೊನೇ ಐದು ಒಂದೇ ಬರೋದಕ್ಕೆ ಯಾವ ಅಡ್ಡಿನೂ ಇಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ, 1,800 ಮೀನಿಗೆ ಐದಂಕಿ ನಂಬರ್ ಸುಮ್ನೆ ಚೆಲ್ಲಿದಂಗೆ ಹಂಚಿದ್ರೆ ಸುಮಾರು 16 ಜೋಡಿ ಒಂದೇ ನಂಬರಿಂದು ಸಿಗತ್ತೆ. ಈ ಲೆಕ್ಕ ಮೊದಲೇ ಹಾಕೋಕೆ ಐದು ನಿಮಿಷನೂ ಬೇಕಿರ್ಲಿಲ್ಲ.

ಆ ಬೆಳಗಿನ ಹಿಂದಿನ ಸಂಜೆ ಆರೂವರೆಗೆ ಮೀನಿಗೆ ಮೊಟ್ಟೆ, ವೀರ್ಯ ಬರಿಸೋ ಓವಾಟೈಡ್ ಹಾರ್ಮೋನ್ ಇಂಜೆಕ್ಷನ್ ಮುಗೀತು, ಹೆಣ್ಣಿಗೆ ಕೆಜಿಗೆ 0.4 ಎಂಎಲ್, ಗಂಡಿಗೆ ಅದರರ್ಧ. ಬೆಳಗಿನ ಜಾವ ನಾಲ್ಕೂವರೆಗೆ 22ನೇ ಫ್ಯಾಮಿಲಿಯ ಹೆಣ್ಣನ್ನ ಎತ್ತಿ ಟವೆಲ್ಲಲ್ಲಿ ಒರೆಸಿ ಹೊಟ್ಟೆ ಸ್ವಲ್ಪ ಅದುಮಿದ್ರೆ ಮೊಟ್ಟೆ ಧಾರೆಯಾಗಿ ಬಂತು, ಬೂದು ಮಿಶ್ರಿತ ಕೆಂಪು ಬಣ್ಣ, ಒಂದಕ್ಕೊಂದು ಅಂಟದೇ ಜಾರ್ಕೊಂಡು. ಎರಡು ಕೆಜಿ ಮೇಲಿನ ಮೀನು ಅದು. ಮೇಟಿಂಗ್ ಲಿಸ್ಟ್ ಪ್ರಕಾರ ಅದಕ್ಕೆ ಹಾಕ್ಬೇಕಾಗಿದ್ದ ಗಂಡು 7ನೇ ಫ್ಯಾಮಿಲಿದು, 41873, ಬ್ರೀಡಿಂಗ್ ವ್ಯಾಲ್ಯೂನಲ್ಲಿ (ಮರಿಗೆ ಒಳ್ಳೇ ಗುಣ ದಾಟಿಸೋ ಅಂದಾಜು) ಮೂರನೇ ಸ್ಥಾನ. ಅಣ್ಣ ಹಾಪಾದಿಂದ (ನೀರಲ್ಲಿ ಕಟ್ಟಿದ ಬಲೆ ಚೀಲ) ಗಂಡನ್ನ ಎತ್ತಿ ರೀಡರ್ ಹಿಡಿದ್ರು, ಬೀಪ್ ಆಯ್ತು. "41873 ಸರಿ ಇದೆ ಮೇಡಂ" ಅಂದವರು ಅಲ್ಲೇ ನಿಂತ್ರು. "ಏಳನೇದು ಹಳೇ ಪ್ಯಾಕೆಟ್ಟಿಂದಲ್ವಾ? ಇದು 985 ತೋರಿಸ್ತಿದೆ."

ಆ ಕ್ಷಣ ನನ್ನ ತಲೇಲಿ ಏನೇನು ಓಡ್ತು ಅನ್ನೋದು ಪೂರ್ತಿ ನೆನಪಿದೆ. ಮೊಟ್ಟೆ ಆಗ್ಲೇ ಬೇಸಿನ್ನಲ್ಲಿದೆ. ಶೆಡ್ಡಿನ ಸೈಡಿಂದ ಇರಚಲು ಹೊಡೀತಿದೆ, ನೀರು ತಾಗಿದ ಮೊಟ್ಟೆ ಉಬ್ಬೋಕೆ ಶುರುವಾಯ್ತು ಅಂದ್ರೆ ಆಮೇಲೆ ಮಿಲ್ಟ್ (ಗಂಡಿನ ವೀರ್ಯ) ಹಾಕಿ ಪ್ರಯೋಜನ ಇಲ್ಲ, ಅದಕ್ಕೆ ಬೇಸಿನ್ ಮೇಲೆ ನನ್ನ ರೈನ್‌ಕೋಟಿನ ತೋಳು ಅಡ್ಡ ಹಿಡಿದಿದ್ದೆ. ಪಕ್ಕದ ಹಾಪಾದಲ್ಲಿ 15ನೇ ಫ್ಯಾಮಿಲಿ ಗಂಡು ರೆಡಿ ಇತ್ತು, ನಂಬರ್ ಪಕ್ಕಾ, ಆದ್ರೆ ಲಿಸ್ಟಲ್ಲಿ ತುಂಬಾ ಕೆಳಗೆ. ಅಣ್ಣ ಅದನ್ನೇ ತೋರಿಸಿ "ಇದು ಹಾಕೋಣ್ವಾ" ಅಂತನೂ ಕೇಳಿದ್ರು. ಮೂರನೇ ರ‍್ಯಾಂಕಿನ ಗಂಡನ್ನ ಬಿಟ್ಟು 15ನೇ ಫ್ಯಾಮಿಲಿದನ್ನ ಹಾಕಿದ್ರೆ ಸರ್‌ಗೆ ಏನಂತ ಹೇಳೋದು, ಆ ಲಿಸ್ಟಿಗೋಸ್ಕರ ಮೂರು ವಾರ ಕೂತಿದ್ದೀನಲ್ಲ, ಇಷ್ಟೇ ನನ್ನ ಯೋಚನೆ. "ಲಿಸ್ಟಲ್ಲಿ ಇದೆ ಅಲ್ವಾ ಅಣ್ಣ, ಅದೇ ಇದು, ಹಿಂಡಿ" ಅಂದೆ. ಅವರು ಮತ್ತೆ ಮಾತಾಡ್ಲಿಲ್ಲ. ಹಾಲಿನಂಗೆ ಮಿಲ್ಟ್ ಬಿತ್ತು, ನಾನು ಗರಿಯಲ್ಲಿ ಕಲಸಿದೆ, ನೀರು ಹಾಕಿದೆ.

ಫರ್ಟಿಲೈಸೇಷನ್ ಚೆನ್ನಾಗೇ ಆಯ್ತು, ಹದಿನಾರು ಗಂಟೇಲಿ ಮರಿ ಒಡೀತು. ಆದ್ರೆ ನಂಗೆ ನಿದ್ದೆ ಬರ್ಲಿಲ್ಲ. ನಾಲ್ಕನೇ ದಿನ ಟ್ಯಾಗಿಂಗ್ ಪುಸ್ತಕ ಮೊದಲಿಂದ ತಿರುವಿ ಹಾಕಿದೆ, 41873 ಎರಡು ಕಡೆ ಇತ್ತು. ಒಂದು 7ನೇ ಫ್ಯಾಮಿಲಿ, ಇನ್ನೊಂದು 22. ಅಂದ್ರೆ ಆ ಹೆಣ್ಣಿನ ಒಡಹುಟ್ಟಿದ ತಮ್ಮನೇ ಆಗಿರ್ಬೋದು.

ಆವಾಗ ಕೈ ಹಿಡಿದಿದ್ದು ಡಿಎನ್ಎನೇ. 48 ಮರಿ ಎಥೆನಾಲಿಗೆ ಹಾಕಿ, ಹೆಣ್ಣಿನ ರೆಕ್ಕೆ ಚೂರು, 41873 ಅಂತ ಬರೆದ ಎರಡೂ ಟ್ಯೂಬು, 22ನೇ ಫ್ಯಾಮಿಲಿಯ ಅಪ್ಪ ಅಮ್ಮನ ಸ್ಯಾಂಪಲ್ಲು, ಎಲ್ಲಾ ಸೇರಿಸಿ ಮೈಕ್ರೋಸ್ಯಾಟಲೈಟ್ ಅನ್ನೋ ಡಿಎನ್ಎ ಟೆಸ್ಟಿಗೆ ಕಳಿಸಿದ್ವಿ. ಟ್ಯೂಬ್ ಬಾಕ್ಸ್ ದಿನದ ಪ್ರಕಾರ ಬೇರೆ ಬೇರೆ ಇಟ್ಟಿದ್ದು ಪುಣ್ಯ, ಇಲ್ಲಾಂದ್ರೆ ಯಾವ ಟ್ಯೂಬು ಯಾವ ಫ್ಯಾಮಿಲಿದು ಅಂತನೂ ಗೊತ್ತಾಗ್ತಿರ್ಲಿಲ್ಲ. ಪ್ರತಿ ಮಾರ್ಕರಲ್ಲೂ (ಡಿಎನ್ಎಯಲ್ಲಿ ನೋಡೋ ಒಂದೊಂದು ಜಾಗ) ಮರಿಗೆ ಒಂದು ಅಲೀಲ್, ಅಂದ್ರೆ ಆ ಜಾಗದ ಒಂದು ಪ್ರತಿ, ಅಮ್ಮನಿಂದ ಬಂದಿರ್ಬೇಕು, ಇನ್ನೊಂದು ಅಪ್ಪನಿಂದ. 12 ಮಾರ್ಕರಲ್ಲಿ ಏಳರಲ್ಲಿ 7ನೇ ಫ್ಯಾಮಿಲಿ ಗಂಡು ಹೊಂದಲೇ ಇಲ್ಲ. ಇನ್ನೊಂದು ಟ್ಯೂಬು ಹನ್ನೆರಡಕ್ಕೆ ಹನ್ನೆರಡೂ ಹೊಂದ್ತು, 22ನೇ ಫ್ಯಾಮಿಲಿ ಅಪ್ಪ ಅಮ್ಮನಿಗೂ ಸರಿಯಾಗಿ ಕೂತ್ಕೊಳ್ತು. ರಿಪೋರ್ಟ್ ಬರೋಕೆ ಮೂರು ವಾರ, ಅಷ್ಟರಲ್ಲಿ ಮರಿ ಫ್ರೈ ಸೈಜಿಗೆ ಬಂದಿದ್ವು. ಆ ನರ್ಸರಿ ಕೊಳ ಖಾಲಿ ಮಾಡಿಸಿದ ದಿನ ಅಣ್ಣನ ಮುಖ ನೋಡೋಕೆ ನಂಗಾಗ್ಲಿಲ್ಲ.

ಒಂದು ಫ್ಯಾಮಿಲಿ ಹೋದ್ರೆ ಇಷ್ಟ್ಯಾಕೆ ಅಂತ ಅನ್ಸಬಹುದು. ನಮ್ಮ ಕರ್ನಾಟಕದ್ದೇ ಹ್ಯಾಚರಿಗಳ ಮೇಲೆ ಏಕನಾಥ್ ಮತ್ತು ಡಾಯ್ಲ್ 1990ರಲ್ಲಿ ಬರೆದ ಪೇಪರ್ ಇದೆ, ಕೆಲವೇ ಬ್ರೂಡರ್ (ಮರಿ ಮಾಡಿಸೋ ಮೀನು) ಇಟ್ಕೊಂಡು ಅವನ್ನೇ ತಿರುಗಿಸಿ ತಿರುಗಿಸಿ ಮರಿ ಮಾಡೋದ್ರಿಂದ ತಲೆಮಾರಿಗೆ 2ರಿಂದ 17 ಶೇಕಡಾ ಇನ್‌ಬ್ರೀಡಿಂಗ್ (ರಕ್ತಸಂಬಂಧಿಗಳ ನಡುವೆ ಸಂತಾನ) ಏರ್ತಿತ್ತು ಅಂತ. "ಮರಿ ಮುಂಚಿನಂಗೆ ಬೆಳೆಯಲ್ಲ" ಅಂತ ರೈತರು ಹೇಳ್ತಾರಲ್ಲ, ಆ ಮಾತಿನ ಹಿಂದೆ ಇದೂ ಒಂದು ಕಾರಣ. ಅಣ್ಣ ತಂಗಿ ಜೋಡಿಯಾದ್ರೆ ಒಂದೇ ಏಟಿಗೆ 25 ಶೇಕಡಾ. ಭುವನೇಶ್ವರದಲ್ಲಿ 1992ರಲ್ಲಿ ನಾರ್ವೆಯವರ ಜೊತೆ ಸೇರಿ ರೋಹು ಸೆಲೆಕ್ಷನ್ ಶುರು ಮಾಡಿದಾಗ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ಅಂತ ಐದು ನದಿಯಿಂದ ಮೀನು ತಂದಿದ್ದು ಸುಮ್ನೆ ಅಲ್ಲ, ಆ ವೈವಿಧ್ಯ ಇದ್ದಿದ್ದಕ್ಕೇ ಅಲ್ಲಿ ಬಂದ ಜಯಂತಿ ರೋಹು ತಳಿ ತಲೆಮಾರಿಗೆ ಸರಾಸರಿ 17 ಶೇಕಡಾದಷ್ಟು ಬೆಳವಣಿಗೆ ಕೊಡ್ತು. ಅಂಥದ್ದನ್ನ ಉಳಿಸೋ ಕೆಲಸದಲ್ಲಿ ಕೂತು ನಾನು ಹಿಂಗೆ ಮಾಡಿದ್ದು.

ಮ್ಯಾನೇಜ್‌ಮೆಂಟ್ ಮೇಲೂ ನಂಗೆ ಸಿಟ್ಟಿದೆ, ಮುಚ್ಚಿಡಲ್ಲ. ಜೀನೋಟೈಪಿಂಗಿಗೆ (ಡಿಎನ್ಎ ಟೆಸ್ಟಿಗೆ) ಲಕ್ಷಗಟ್ಟಲೆ ಬಜೆಟ್ ಪಾಸಾಗತ್ತೆ, ಬಾರ್‌ಕೋಡ್ ಲೇಬಲ್ ಪ್ರಿಂಟರ್ ಕೇಳಿದ್ರೆ ಮೂರು ವರ್ಷ ಫೈಲು ಓಡಾಡತ್ತೆ. ಇಡೀ ಫಾರ್ಮಿಗೆ ಒಂದೇ ರೀಡರ್. ಟ್ಯಾಗ್ ಕಂಪನಿ ಬದಲಾಯಿಸಿದ್ದನ್ನ ಸ್ಟೋರಿನವರು ಒಂದು ಮಾತು ಹೇಳಿದ್ರೂ ಸಾಕಿತ್ತು. ಆದ್ರೆ ಅವತ್ತು ಬೇಸಿನ್ ಮುಂದೆ ರೀಡರ್ ಸರಿಯಾಗೇ ಓದಿತ್ತು, ಅಣ್ಣನೂ ಸರಿಯಾಗೇ ಹೇಳಿದ್ರು, ಕೇಳದೇ ಇದ್ದವಳು ನಾನು.

ಆಮೇಲೆ ಎಲ್ಲಾ 1,800ನ್ನೂ ಬಲೆ ಎಳೆದು ಮತ್ತೆ ಓದಿದ್ವಿ. ಒಂದೇ ನಂಬರಿನ 11 ಜೋಡಿ ಸಿಕ್ತು. ಈಗ ನಂಬರ್ ಕಾಲಂ ಟೆಕ್ಸ್ಟ್ ಫಾರ್ಮ್ಯಾಟಲ್ಲೇ ಇರತ್ತೆ, ರೀಡರ್ ಮೆಮೊರಿ ಇಬ್ಬರು ನೋಡಿ ಸಹಿ ಹಾಕದೇ ಯಾರೂ ಅಳಿಸಂಗಿಲ್ಲ, ಟ್ಯೂಬಿನ ಮೇಲೆ ಹದಿನೈದೂ ಅಂಕಿ. ಗಂಡು ಯಾವ್ದು ಅಂತ ಪಕ್ಕಾ ಆಗೋವರೆಗೂ ಹೆಣ್ಣಿನ ಹೊಟ್ಟೆ ಮುಟ್ಟಲ್ಲ.

ಹೋದ ಜುಲೈನಲ್ಲಿ ಅದೇ 22ನೇ ಫ್ಯಾಮಿಲಿ ಹೆಣ್ಣು ಮತ್ತೆ ಬಲೆಗೆ ಬಂತು, ಮೂರು ಕೆಜಿ ದಾಟಿತ್ತು. ಅಣ್ಣ 7ನೇ ಫ್ಯಾಮಿಲಿ ಗಂಡನ್ನ ಎತ್ತಿ ಹಿಡ್ಕೊಂಡು ಮೂರ್ಮೂರು ಅಂಕಿಯಾಗಿ ಐದು ಸಲ ಜೋರಾಗಿ ಓದಿದ್ರು, ನಾನು ಒಂದೊಂದಕ್ಕೂ ಟಿಕ್ ಹಾಕಿ "ಹಿಂಡಿ ಅಣ್ಣ" ಅಂದೆ.