ಆ ಐದು ರನ್ ಎಲ್ಲಿಗೂ ಹೋಗಿಲ್ಲ

ನಾನು ಮೈಸೂರಿನಲ್ಲಿ ಲೀಗ್ ಪಂದ್ಯಗಳಿಗೆ ಸ್ಕೋರರ್. ಶುರು ಮಾಡಿ ಹತ್ತೊಂಬತ್ತು ವರ್ಷ ಆಯಿತು. ಬೆಳಗ್ಗೆ ಮೇಜಿನ ಮುಂದೆ ಕೂತರೆ ಸಂಜೆ ಲೆಕ್ಕ ತಾಳೆಯಾಗುವವರೆಗೂ ಏಳುವಂತಿಲ್ಲ. ಬ್ಯಾಟ್ಸ್‌ಮನ್‌ಗಳ ರನ್, ಬೌಲರ್‌ಗಳು ಕೊಟ್ಟ ರನ್, ಎಕ್ಸ್‌ಟ್ರಾ ಎಲ್ಲ ಕೂಡಿ ಬರಬೇಕು. ಒಂದು ರನ್ ಹೆಚ್ಚುಕಮ್ಮಿ ಆದರೂ ರಾತ್ರಿ ನಿದ್ದೆ ಬರುವುದಿಲ್ಲ. ಹಳೆಯ ಪಂದ್ಯದ ಸ್ಕೋರ್‌ಕಾರ್ಡ್ ಸಿಕ್ಕರೆ ಬೇರೆಯವರು ಕತೆ ಓದುವ ಹಾಗೆ ಓದುತ್ತೇನೆ.

ಅಂಥದ್ದೊಂದು ಕಾರ್ಡ್ ಬಹಳ ವರ್ಷಗಳಿಂದ ನನ್ನ ತಲೆಯಲ್ಲಿ ಕೂತಿದೆ. 1970ರ ಜೂನ್, ಲಾರ್ಡ್ಸ್ ಮೈದಾನ. ಇಂಗ್ಲೆಂಡ್ ಎದುರು ಬೇರೆ ಬೇರೆ ದೇಶಗಳ ಆಟಗಾರರ ವಿಶ್ವ ತಂಡ. ಇಂಗ್ಲೆಂಡ್ ಪರ ಇನಿಂಗ್ಸ್ ಆರಂಭಿಸಿದವರು ಬ್ರಯನ್ ಲಕ್‌ಹರ್ಸ್ಟ್ ಮತ್ತು ಅಲನ್ ಜೋನ್ಸ್. ಜೋನ್ಸ್ ಹೆಸರಿನ ಮುಂದೆ ಹೀಗಿದೆ: ಸಿ ಎಂಜಿನಿಯರ್ ಬಿ ಪ್ರಾಕ್ಟರ್ 5. ಅಂದರೆ ಪ್ರಾಕ್ಟರ್ ಬೌಲಿಂಗ್‌ನಲ್ಲಿ ಎಂಜಿನಿಯರ್‌ಗೆ ಕ್ಯಾಚ್ ಕೊಟ್ಟು ಔಟ್, ರನ್ ಐದು. ಎರಡನೇ ಇನಿಂಗ್ಸ್‌ನಲ್ಲೂ ಸಿ ಎಂಜಿನಿಯರ್ ಬಿ ಪ್ರಾಕ್ಟರ್, ಈ ಸಲ ಸೊನ್ನೆ. ಎಂಜಿನಿಯರ್ ಅಂದರೆ ನಮ್ಮ ಭಾರತದ ವಿಕೆಟ್ ಕೀಪರ್ ಫರೂಕ್ ಎಂಜಿನಿಯರ್.

ಆ ಬೇಸಿಗೆ ಇಂಗ್ಲೆಂಡಿಗೆ ಬರಬೇಕಾಗಿದ್ದದ್ದು ದಕ್ಷಿಣ ಆಫ್ರಿಕಾ. ವರ್ಣಭೇದದ ವಿರುದ್ಧ ದೊಡ್ಡ ಹೋರಾಟವೇ ನಡೆದು ಆ ಪ್ರವಾಸ ರದ್ದಾಯಿತು. ರದ್ದಾಗಿದ್ದು ಸರಿಯೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಅದರ ಜಾಗದಲ್ಲಿ ವಿಶ್ವ ತಂಡದ ಜೊತೆ ಐದು ಪಂದ್ಯ ಇಟ್ಟರು. ಆ ತಂಡ ನೋಡಿ: ಬ್ಯಾರಿ ರಿಚರ್ಡ್ಸ್, ಬಾರ್ಲೋ, ಕನ್ಹಾಯ್, ಗ್ರೇಮ್ ಪೊಲಾಕ್, ಲಾಯ್ಡ್, ನಾಯಕ ಸೋಬರ್ಸ್. ಕರಿಯರು ಬಿಳಿಯರು ಒಂದೇ ತಂಡದಲ್ಲಿ. ಲಾರ್ಡ್ಸ್‌ನಲ್ಲಿ ಸೋಬರ್ಸ್ 21 ರನ್ ಕೊಟ್ಟು 6 ವಿಕೆಟ್ ತೆಗೆದರು, ಆಮೇಲೆ 183 ಹೊಡೆದರು. ಇಂಗ್ಲೆಂಡ್ ಇನಿಂಗ್ಸ್ ಮತ್ತು 80 ರನ್‌ಗಳಿಂದ ಸೋತಿತು. ಪ್ರಾಕ್ಟರ್ ಎಂಥ ವೇಗಿ ಅಂತ ಗೊತ್ತಿದ್ದವರು ಆ 5 ಮತ್ತು 0 ನೋಡಿ ಜೋನ್ಸ್‌ರನ್ನು ದೂರುವುದಿಲ್ಲ.

ಅವರನ್ನು ಮುಂದಿನ ಪಂದ್ಯಕ್ಕೆ ಕೈಬಿಟ್ಟರು. ಮತ್ತೆ ಕರೆಯಲೇ ಇಲ್ಲ. ಇಷ್ಟಕ್ಕೇ ಮುಗಿದಿದ್ದರೆ ಒಂದು ಟೆಸ್ಟ್ ಆಡಿದವರ ಸಾಲಿನಲ್ಲಿ ಅವರ ಹೆಸರು ಇರುತ್ತಿತ್ತು. ಆದರೆ ಆಡುವಾಗ ಟೆಸ್ಟ್ ಅಂತ ಹೇಳಿದ್ದ ಪಂದ್ಯಗಳನ್ನು ಆಮೇಲೆ ಟೆಸ್ಟ್ ಅಲ್ಲ ಅಂದುಬಿಟ್ಟರು. ಆ ಸರಣಿಯಲ್ಲಿ ಇಂಗ್ಲೆಂಡ್‌ಗೆ ಆಡಿದ ಬೇರೆಯವರಿಗೆಲ್ಲ ಹಿಂದೆಯೋ ಮುಂದೆಯೋ ನಿಜವಾದ ಟೆಸ್ಟ್ ಇತ್ತು. ಲಕ್‌ಹರ್ಸ್ಟ್ ಅದೇ ಚಳಿಗಾಲದಲ್ಲಿ ಆಸ್ಟ್ರೇಲಿಯಾಕ್ಕೆ ಹೋದರು. ಜೋನ್ಸ್ ಒಬ್ಬರಿಗೇ ಏನೂ ಉಳಿಯಲಿಲ್ಲ.

ಜೋನ್ಸ್‌ಗೆ ಉಳಿದದ್ದು ಕೌಂಟಿ ಕ್ರಿಕೆಟ್, ಅಂದರೆ ಅಲ್ಲಿನ ಜಿಲ್ಲಾ ತಂಡಗಳ ಆಟ. ನಮ್ಮ ಕಡೆ ಕೌಂಟಿ ಅಂದರೆ 1995ರಲ್ಲಿ ಕುಂಬ್ಳೆ ನಾರ್ಥಾಂಪ್ಟನ್‌ಶೈರ್‌ಗೆ 105 ವಿಕೆಟ್ ತೆಗೆದದ್ದು, 2000ದಲ್ಲಿ ದ್ರಾವಿಡ್ ಕೆಂಟ್‌ಗೆ ಆಡಿದ್ದು ನೆನಪಾಗುತ್ತದೆ. ಅವರು ಯಾವಾಗಲೋ ಒಂದೊಂದು ಬೇಸಿಗೆಗೆ ಹೋಗಿ ಬಂದವರು. ವರ್ಷ ವರ್ಷವೂ ಅಲ್ಲೇ ದುಡಿಯುವವರ ಬದುಕು ಬೇರೆ. ಜೋನ್ಸ್ ವೇಲ್ಸ್‌ನವರು. ಹುಟ್ಟಿದ್ದು 1938ರಲ್ಲಿ, ಸ್ವಾನ್ಸಿ ಹತ್ತಿರದ ವೆಲಿಂಡ್ರೆಯಲ್ಲಿ. ಎಡಗೈ ಆಟಗಾರ. ವೇಲ್ಸ್‌ನ ಗ್ಲಾಮೋರ್ಗನ್ ತಂಡ ಇಂಗ್ಲೆಂಡಿನ ಕೌಂಟಿಗಳ ಜೊತೆಯೇ ಆಡುತ್ತದೆ. ಆ ತಂಡಕ್ಕೆ ಅವರು 1957ರಿಂದ 1983ರವರೆಗೆ ಆಡಿದರು. ತಮ್ಮ ಐಫಿಯನ್ ಅದೇ ತಂಡದ ವಿಕೆಟ್ ಕೀಪರ್.

ಮೂರು ದಿನದ ಪಂದ್ಯ ಮುಗಿಸಿ ಕಾರು ಹತ್ತಬೇಕು, ಮಾರನೇ ದಿನ ಇನ್ನೊಂದು ಊರಲ್ಲಿ ಪ್ಯಾಡ್ ಕಟ್ಟಬೇಕು. 1969ರಿಂದ ಅದರ ಮಧ್ಯೆ ಭಾನುವಾರ ನಲವತ್ತು ಓವರ್‌ಗಳ ಪಂದ್ಯ ಬೇರೆ. ಅವರ ಕಾಲದ ಹೆಚ್ಚಿನ ವರ್ಷ ಪಂದ್ಯ ಶುರುವಾದ ಮೇಲೆ ಪಿಚ್ ಮುಚ್ಚುತ್ತಿರಲಿಲ್ಲ. ಮಳೆ ಬಿದ್ದು, ಬಿಸಿಲು ಬಂದರೆ ಚೆಂಡು ಎಲ್ಲಿಂದ ಎಲ್ಲಿಗೆ ಏಳುತ್ತದೋ ಹೇಳಲು ಬಾರದು. ಅಲನ್ ಜೋನ್ಸ್ ಸರಾಸರಿ 32.89. ಇಂದಿನವರು ನೋಡಿ ಅಷ್ಟೇನಾ ಅನ್ನಬಹುದು. ಅಂಥ ಪಿಚ್‌ನಲ್ಲಿ, ಹೊಸ ಚೆಂಡಿನ ಎದುರು, 645 ಪಂದ್ಯಗಳಲ್ಲಿ ಅದನ್ನು ಉಳಿಸಿಕೊಳ್ಳುವುದು ಸುಮ್ನೆ ಮಾತಲ್ಲ. ಸೀಸನ್‌ಗೆ ಸಾವಿರ ರನ್ ಅನ್ನುವುದು ಕೌಂಟಿ ಬ್ಯಾಟ್ಸ್‌ಮನ್‌ನ ಮರ್ಯಾದೆಯ ಗೆರೆ. ಅದನ್ನು ಅವರು 23 ಸಲ ದಾಟಿದರು.

ಒಟ್ಟು 36,049 ರನ್, 56 ಶತಕ. ಟೆಸ್ಟ್ ಆಡದವರಲ್ಲಿ ಪ್ರಥಮ ದರ್ಜೆಯಲ್ಲಿ, ಅಂದರೆ ಟೆಸ್ಟ್, ಕೌಂಟಿಯಂಥ ಹಲವು ದಿನಗಳ ದೊಡ್ಡ ಪಂದ್ಯಗಳಲ್ಲಿ, ಇಷ್ಟು ರನ್ ಮಾಡಿದವರು ಇನ್ನೊಬ್ಬರಿಲ್ಲ. ಇನ್ನೂ ಒಂದು ಮಾತಿದೆ. ಟೆಸ್ಟ್ ಆಡದವರಲ್ಲಿ ಅತಿ ಹೆಚ್ಚು ವಿಕೆಟ್ ತೆಗೆದವರು ಡಾನ್ ಶೆಫರ್ಡ್, 2,218. ಅವರೂ ಗ್ಲಾಮೋರ್ಗನ್‌ನವರೇ! ಇಬ್ಬರೂ ವರ್ಷಗಟ್ಟಲೆ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಬಟ್ಟೆ ಬದಲಾಯಿಸಿದವರು. 1969ರಲ್ಲಿ ಟೋನಿ ಲೂಯಿಸ್ ನಾಯಕತ್ವದಲ್ಲಿ ಗ್ಲಾಮೋರ್ಗನ್ ಕೌಂಟಿ ಚಾಂಪಿಯನ್‌ಶಿಪ್‌ನಲ್ಲಿ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತು. ಆ ತಂಡದಲ್ಲಿ ಇಬ್ಬರೂ ಇದ್ದರು. ಇದನ್ನು ಮೊದಲು ಓದಿದ ದಿನ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

2020ರ ಜೂನ್‌ನಲ್ಲಿ, ಆ ಪಂದ್ಯ ಶುರುವಾಗಿ ಐವತ್ತು ವರ್ಷ ತುಂಬಿದಾಗ, ಇಂಗ್ಲೆಂಡ್ ಮಂಡಳಿ ಜೋನ್ಸ್‌ಗೆ ಟೆಸ್ಟ್ ಆಟಗಾರರಿಗೆ ಸರದಿ ಸಂಖ್ಯೆ ಹಾಕಿ ಕೊಡುವಂಥ ಕ್ಯಾಪ್ ಕೊಟ್ಟಿತು. ಸಂಖ್ಯೆ 696. ಆಗ ಅವರಿಗೆ 81 ವರ್ಷ. 695 ಜ್ಯಾಕ್ ಕ್ರಾಲಿಯದು, 697 ಡ್ಯಾನ್ ಲಾರೆನ್ಸ್‌ನದು. ಇಬ್ಬರೂ ಇಪ್ಪತ್ತರ ಆಸುಪಾಸಿನ ಹುಡುಗರು. ಅವರ ನಡುವೆ ಈ ಅಜ್ಜ. ಆದರೂ ಪಂದ್ಯ ಟೆಸ್ಟ್ ಆಗಲಿಲ್ಲ, ಟೆಸ್ಟ್ ದಾಖಲೆಗಳ ಪಟ್ಟಿ ಬದಲಾಗಲಿಲ್ಲ.

ಸ್ಕೋರರ್ ಆಗಿ ನನಗೆ ಒಂದು ಸಮಾಧಾನ ಇದೆ. ಟೆಸ್ಟ್ ಅಲ್ಲ ಅಂದರೂ ಆ ಪಂದ್ಯದ ಪ್ರಥಮ ದರ್ಜೆ ಮಾನ್ಯತೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅಂದರೆ ಆ 36,049ರಲ್ಲಿ ಲಾರ್ಡ್ಸ್‌ನ ಐದು ರನ್ ಸೇರಿವೆ. ಕೂಡಿದರೆ ಅವು ಬೇಕೇ ಬೇಕು, ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಇದು ನನಗೆ ಇಷ್ಟು ತಾಗಲು ಕಾರಣ ಇದೆ. 2011ರಲ್ಲಿ ಒಂದು ಲೀಗ್ ಪಂದ್ಯಕ್ಕೆ ಸ್ಕೋರ್ ಬರೆದಿದ್ದೆ. ಹದಿನೇಳು ವರ್ಷದ ಹುಡುಗ, ಅಪ್ಪ ಹಣ್ಣಿನ ಗಾಡಿ ಇಟ್ಟವರು. ಆ ದಿನ ಅವನು 104 ಹೊಡೆದ. ಅವನ ಮೊದಲ ಶತಕ. ಎರಡು ವಾರದ ಮೇಲೆ ಎದುರಾಳಿ ತಂಡದಲ್ಲಿ ನೋಂದಣಿ ಇಲ್ಲದವನೊಬ್ಬ ಆಡಿದ್ದು ಗೊತ್ತಾಗಿ ಪಂದ್ಯವನ್ನೇ ರದ್ದು ಮಾಡಿದರು. ನಿಯಮ ಇರಬಹುದು. ಆದರೆ ಹುಡುಗನ ತಪ್ಪೇನು? ಪುಸ್ತಕದ ಆ ಎರಡು ಪುಟಗಳ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆಯಬೇಕಾಗಿ ಬಂದದ್ದು ನನಗೆ. ಗೆರೆ ಎಳೆಯುವ ಮೊದಲು ಒಂದು ಜೆರಾಕ್ಸ್ ತೆಗೆದಿಟ್ಟುಕೊಂಡೆ. ಆಮೇಲೆ ಅವನು ಹೆಚ್ಚು ದಿನ ಆಡಲಿಲ್ಲ. ಹೊಸೂರಿನ ಕಡೆ ಫ್ಯಾಕ್ಟರಿ ಕೆಲಸಕ್ಕೆ ಸೇರಿದ.

ಜೋನ್ಸ್ ಸುದ್ದಿ ಓದಿದಾಗ ಲಾಕ್‌ಡೌನ್ ಇತ್ತು, ಮೈದಾನಗಳೆಲ್ಲ ಖಾಲಿ. ಬೀರುವಿನಿಂದ ಆ ಜೆರಾಕ್ಸ್ ಹುಡುಕಿ ತೆಗೆದೆ. ಅವನ ನಂಬರು ಯಾರ ಹತ್ತಿರವೋ ಕೇಳಿ ಪಡೆದು ಫೋಟೊ ಕಳಿಸಿದೆ. ಅರ್ಧ ಗಂಟೆ ಉತ್ತರ ಬರಲಿಲ್ಲ. ಆಮೇಲೆ ಒಂದೇ ಸಾಲು ಬಂತು. "ಸಾರ್, ಅವತ್ತು ನಾನು ಎಷ್ಟು ಬಾಲ್ ಆಡಿದ್ದೆ?"

ಕನ್ನಡಕ ಹಾಕಿಕೊಂಡು ಅವನು ಆಡಿದ ಪ್ರತಿ ಬಾಲ್‌ಗೆ ಬರೆದಿದ್ದ ಚುಕ್ಕೆ, ಅಂಕಿಗಳನ್ನು ಒಂದೊಂದಾಗಿ ಎಣಿಸಿದೆ. ಸರಿ ಇದೆಯಾ ಅಂತ ಇನ್ನೊಮ್ಮೆ ಎಣಿಸಿದೆ. 141 ಅಂತ ಬರೆದು ಕಳಿಸಿದೆ.