ಎಂಟು ಬೈಟಿನ ತಕರಾರು: ಶಿರಸಿ ಅಂಗಡಿಯ ಟನಲ್

ಕೊನೆಗೂ ಸಿಕ್ಕಿತು. ಶಿರಸಿ ಅಂಗಡಿಯ ವೈಫೈ ಎಪಿಗಳು (ಆಕ್ಸೆಸ್ ಪಾಯಿಂಟುಗಳು) ನಿನ್ನೆ ರಾತ್ರಿ ಕಾನ್ಫಿಗ್ ತಗೊಂಡವು. ಹಿಂದೆಯೇ ಫರ್ಮ್‌ವೇರೂ ಏರಿತು. ಕಾರಣ ಏನು ಗೊತ್ತಾ? ಎಂಟು ಬೈಟು. ಎಂಟೇ ಬೈಟು ಮಾರಾಯ್ರೆ.

ಸೆಟಪ್ ಗೊತ್ತಿಲ್ಲದವರಿಗೆ ಎರಡು ಮಾತು. ಭಾವನದು ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಕಾಳುಮೆಣಸು, ಮುರುಗಲು ಸಿಪ್ಪೆ ವ್ಯಾಪಾರ. ಶಿರಸಿಯಲ್ಲಿ ಮುಖ್ಯ ಅಂಗಡಿ, ಕುಮಟೆಯಲ್ಲಿ ಗೋಡೌನು, ಕಾರವಾರದಲ್ಲಿ ಸಣ್ಣ ಮಳಿಗೆ. ನಾನಿರುವುದು ಕಾರವಾರದಲ್ಲಿ. ಮೂರೂ ಕಡೆ ಓಪನ್‌ಡಬ್ಲ್ಯುಆರ್‌ಟಿ ರೂಟರು, ಅದರ ಹಿಂದೆ ಒಮಾಡಾ ಎಪಿಗಳು. ಎಪಿಗಳನ್ನೆಲ್ಲ ನಡೆಸುವ ಕಂಟ್ರೋಲರ್ ತಂತ್ರಾಂಶ ಮುಂಬೈಯ ಒಂದು ಬಾಡಿಗೆ ಸರ್ವರಿನಲ್ಲಿ (ವಿಪಿಎಸ್) ಇದೆ. ಮೂರೂ ಜಾಗದಿಂದ ಅಲ್ಲಿಗೆ ವೈರ್‌ಗಾರ್ಡ್ ಟನಲ್, ಅಂದರೆ ಇಂಟರ್‌ನೆಟ್ ಮೇಲೆ ಎನ್‌ಕ್ರಿಪ್ಟ್ ಆದ ಖಾಸಗಿ ದಾರಿ. ಕಂಟ್ರೋಲರಿನ ಪೋರ್ಟುಗಳನ್ನು (ಯುಡಿಪಿ 29810, ಟಿಸಿಪಿ 29811ರಿಂದ ಮುಂದಿನವು) ಊರಿಗೆಲ್ಲ ತೆರೆದಿಡುವ ಧೈರ್ಯ ನನಗಿಲ್ಲ. ಹಾಗಾಗಿ ಎಲ್ಲ ಟನಲ್ ಒಳಗೇ ಓಡಾಡಬೇಕು. ಎಪಿಗಳಿಗೆ ಕಂಟ್ರೋಲರ್ ವಿಳಾಸ ರೂಟರ್ ಐಪಿ ಹಂಚುವಾಗಲೇ (ಡಿಎಚ್‌ಸಿಪಿ ಆಪ್ಷನ್ 138ರಲ್ಲಿ) ಸಿಗುತ್ತದೆ. 

ಇಷ್ಟೆಲ್ಲ ಮಾಡಿದ್ದು ಒಂದೇ ಕಾರಣಕ್ಕೆ. ಗೆಸ್ಟ್ ವೈಫೈ ಪಾಸ್‌ವರ್ಡ್ ಬದಲಿಸಲು ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಬಾರದು. ಕಾರವಾರದಿಂದ ಶಿರಸಿ ನೂರು ಕಿಲೋಮೀಟರಿಗೂ ಜಾಸ್ತಿ.

ಒಂದು ರಾತ್ರಿ ಶಿರಸಿಯಲ್ಲಿ ಗುಡುಗು, ಮಿಂಚು, ಜೋರು ಮಳೆ. ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಇದ್ದಷ್ಟು ಹೊತ್ತು ನಿಂತಿತು, ಆಮೇಲೆ ಅದೂ ಕೈ ಎತ್ತಿತು. ಬೆಳಿಗ್ಗೆ ಕರೆಂಟು ಬಂತು, ಎಲ್ಲ ಎದ್ದವು. ಡ್ಯಾಶ್‌ಬೋರ್ಡಿನಲ್ಲಿ ಶಿರಸಿಯ ಎಪಿಗಳೆಲ್ಲ ಹಸಿರು. ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಭಾವನ ಫೋನು.

"ತಮಾ, ಕಾರವಾರದ ಹುಡುಗ ಬಿಲ್ಲು ಬತ್ತಾ ಇಲ್ಲೆ ಹೇಳ್ತ. ಎಂತ ಆತು?"

ಬಿಲ್ಲಿಂಗ್ ಸರ್ವರ್ ಇರುವುದು ಶಿರಸಿಯಲ್ಲಿ. ಮಳಿಗೆಗೆ ಹೋಗಿ ನೋಡಿದರೆ ವಿಚಿತ್ರ. ಎರಡು ಐಟಮಿನ ಬಿಲ್ಲು ಸಲೀಸಾಗಿ ಬರುತ್ತದೆ. ಹತ್ತಿಪ್ಪತ್ತು ಐಟಮಿನ ಬಿಲ್ಲು ನಿಲ್ಲುತ್ತದೆ. ಸ್ಟಾಕ್ ಪಟ್ಟಿ ತೆರೆದರೆ ಸುತ್ತುತ್ತಲೇ ಇರುತ್ತದೆ. ಕಂಟ್ರೋಲರಿನಲ್ಲೂ ಇದೇ ಕತೆ. ಎಪಿ ಆನ್‌ಲೈನ್ ಇದೆ, ಗ್ರಾಹಕರ ಮೊಬೈಲುಗಳ ಲೆಕ್ಕವೂ ಬರುತ್ತಿದೆ. ಆದರೆ ಒಂದು ಎಸ್ಸೆಸ್ಸೈಡಿ (ವೈಫೈ ಹೆಸರು) ಬದಲಿಸಿ ಅಪ್ಲೈ ಒತ್ತಿದರೆ 'ಕಾನ್ಫಿಗರಿಂಗ್' ಅಂತ ಕೂರುತ್ತದೆ, ಬಹಳ ಹೊತ್ತಾದ ಮೇಲೆ ಏನೂ ಆಗದ ಹಾಗೆ ಮತ್ತೆ ಹಸಿರು. ಪಿಂಗ್ ಮಾತ್ರ ಒಂದೂ ತಪ್ಪುತ್ತಿಲ್ಲ.

ಮಿಂಚು ಹೊಡೆದ ಮರುದಿನ ಕೆಟ್ಟಿದೆ ಅಂದ ಮೇಲೆ ಅನುಮಾನ ಎಲ್ಲಿಗೆ ಹೋಗುತ್ತದೆ? ಸ್ವಿಚ್ಚಿಗೆ. ಅದರ ಎಸ್‌ಎಂಪಿಎಸ್‌ಗೆ. ಅಟ್ಟದ ಮೇಲೆ ಹೋದ ಲ್ಯಾನ್ ಕೇಬಲ್ಲಿಗೆ, ಅಲ್ಲಿ ಇಲಿ ಬೇರೆ. ಭಾವ ಪೋರ್ಟು ಬದಲಿಸಿ ನೋಡಿದ, ಸ್ವಿಚ್ಚೇ ಬದಲಿಸಿ ನೋಡಿದ. ಎಪಿಯೇ ಹೋಗಿರಬಹುದು ಅಂತ ಒಂದು ಪಿಒಇ ಇಂಜೆಕ್ಟರೂ (ಲ್ಯಾನ್ ಕೇಬಲ್ಲಿನಲ್ಲೇ ಕರೆಂಟು ಕೊಡುವ ಡಬ್ಬಿ) ತರಿಸಿದೆವು. 802.3ಎಎಫ್ ಅಂತ ಸ್ಪಷ್ಟವಾಗಿ ಬರೆದು ಆರ್ಡರ್ ಹಾಕಿದ್ದು. ಬಂದದ್ದು 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್. ಫೋನ್ ಮಾಡಿದರೆ ಆಸಾಮಿ ಹೇಳುತ್ತಾನೆ, "ಎರಡೂ ಒಂದೇ ಸರ್, ಹಚ್ಚಿ ನೋಡಿ." 48 ವೋಲ್ಟಿನ ಸ್ಟ್ಯಾಂಡರ್ಡೂ ಇದೂ ಒಂದೇ ಆದರೆ ನಾನೂ ನೀನೂ ಒಂದೇ ಮಾರಾಯ! ವಾಪಸ್ ಕಳಿಸಿದರೆ ಕೊರಿಯರ್ ಖರ್ಚು ನಮ್ಮದಂತೆ.

ಇಂಟರ್‌ನೆಟ್ ಕೊಡುವವರ ಕಸ್ಟಮರ್ ಕೇರ್ ಬಗ್ಗೆ ಹೇಳುವುದೇ ಬೇಡ. ಸ್ಪೀಡ್ ಟೆಸ್ಟ್ ಮಾಡಿಸಿದರು, ಪ್ಲಾನಿನಲ್ಲಿ ಹೇಳಿದ್ದಕ್ಕಿಂತ ಚೂರು ಜಾಸ್ತಿಯೇ ಬಂತು. "ಲೈನ್ ಪರ್ಫೆಕ್ಟ್ ಇದೆ ಸರ್, ಒಮ್ಮೆ ಆಫ್ ಮಾಡಿ ಆನ್ ಮಾಡಿ." ಆಫ್ ಆಗಿ ಆನ್ ಆದದ್ದೇ ರೋಗಕ್ಕೆ ಮೂಲ ಅನ್ನುವುದು ಆಗ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಸರಿ, ರೂಟರಿಗೇ ಹೊಕ್ಕು ನೋಡೋಣ ಅಂದರೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಕನೆಕ್ಟ್ ಆಗಿ ಕೀ ಬದಲಾಯಿಸಿಕೊಳ್ಳುವಲ್ಲೇ ನಿಲ್ಲುತ್ತದೆ. ಕೊನೆಗೆ ಅಂಗಡಿಯ ಲ್ಯಾಪ್‌ಟಾಪಿಗೆ ಮಾಮೂಲಿ ಇಂಟರ್‌ನೆಟ್ ಮೇಲೆ ರಿಮೋಟ್ ಡೆಸ್ಕ್‌ಟಾಪ್ ಹಾಕಿ, ಅಲ್ಲಿಂದ ಲ್ಯಾನ್‌ನಲ್ಲಿ ರೂಟರಿಗೆ ಹೋದೆ. ಕ್ಲೌಡ್ ಕಂಟ್ರೋಲರ್ ಇಟ್ಟುಕೊಂಡವನ ಗತಿ ಇದು. ಆದರೆ ಅಲ್ಲೇ ಸುಳಿವು ಸಿಕ್ಕಿದ್ದು. ವೈರ್‌ಗಾರ್ಡ್ ಸ್ಥಿತಿ ನೋಡಿದರೆ ಎಂಡ್‌ಪಾಯಿಂಟ್ (ಟನಲ್‌ನ ಆಚೆ ತುದಿ) ಜಾಗದಲ್ಲಿ ಉದ್ದದ, ಕೋಲನ್ನುಗಳ ವಿಳಾಸ. ಐಪಿವಿ6, ಹೊಸ ಮಾದರಿಯ ಇಂಟರ್‌ನೆಟ್ ವಿಳಾಸ! ಕುಮಟೆ, ಕಾರವಾರ ಎರಡರಲ್ಲೂ ಹಳೆಯ ಐಪಿವಿ4.

ಇನ್ನು ಹಿಂದಕ್ಕೆ ಹೋಗಿ ಜೋಡಿಸುವುದು ಸುಲಭ. ಶಿರಸಿಯ ಲೈನಿಗೆ ಐಎಸ್‌ಪಿಯವರು (ಇಂಟರ್‌ನೆಟ್ ಕೊಡುವವರು) ಯಾವಾಗಲೋ ಐಪಿವಿ6 ಕೊಟ್ಟಿದ್ದಾರೆ. ಒಂದು ಎಸ್ಸೆಮ್ಮೆಸ್ಸೂ ಇಲ್ಲ. ನನ್ನ ವಿಪಿಎಸ್ ಹೆಸರಿಗೆ ಡಿಎನ್‌ಎಸ್‌ನಲ್ಲಿ ಎ ರೆಕಾರ್ಡೂ (ಐಪಿವಿ4 ವಿಳಾಸ) ಇದೆ, ಎಎಎಎ ರೆಕಾರ್ಡೂ (ಐಪಿವಿ6 ವಿಳಾಸ) ಇದೆ. ವೈರ್‌ಗಾರ್ಡ್ ಆ ಹೆಸರನ್ನು ಹುಡುಕುವುದು ಇಂಟರ್‌ಫೇಸ್ ಎದ್ದಾಗ ಮಾತ್ರ. ಅದು ಎಂದೋ ಐಪಿವಿ4 ಹಿಡಿದು ಎದ್ದದ್ದು, ಹಾಗೇ ಓಡುತ್ತಿತ್ತು. ಕರೆಂಟು ಹೋಗಿ ರೂಟರ್ ಹೊಸದಾಗಿ ಎದ್ದಾಗ ಮತ್ತೆ ಹುಡುಕಿತು. ಎರಡೂ ಇದ್ದರೆ ಲಿನಕ್ಸ್ ಸಾಮಾನ್ಯವಾಗಿ ಐಪಿವಿ6 ಅನ್ನೇ ಮುಂದೆ ಇಡುತ್ತದೆ. ಮಿಂಚಿನ ಪಾತ್ರ ಇಷ್ಟೇ. ಪಾಪದ ಸ್ವಿಚ್ಚು ಸುಮ್ನೆ ಬೈಸಿಕೊಂಡಿತು.

ಈಗ ಲೆಕ್ಕ. ಎಂಟಿಯು ಅಂದರೆ ಒಂದು ಪ್ಯಾಕೆಟ್ಟು ಎಷ್ಟು ಬೈಟಿನವರೆಗೆ ಇರಬಹುದು ಅನ್ನುವ ಮಿತಿ. ವೈರ್‌ಗಾರ್ಡಿನ ಮಾಮೂಲಿ ಎಂಟಿಯು 1420. ಪ್ರತಿ ಪ್ಯಾಕೆಟ್ಟಿಗೆ ಅದು 32 ಬೈಟು ತನ್ನದು ಸೇರಿಸುತ್ತದೆ, ಯುಡಿಪಿಗೆ 8. ಹೊರಗಿನ ಹೆಡರ್ ಐಪಿವಿ4 ಆದರೆ 20, ಐಪಿವಿ6 ಆದರೆ 40. ಅಂದರೆ ಐಪಿವಿ4ರ ಮೇಲೆ 1480, ಐಪಿವಿ6ರ ಮೇಲೆ ಸರಿಯಾಗಿ 1500. ಶುದ್ಧ ಈಥರ್‌ನೆಟ್ ಆದರೆ ಎರಡೂ ಹಿಡಿಸುತ್ತವೆ. ಆದರೆ ಶಿರಸಿಯದು ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ) ಲೈನು. 1999ರ ಆರ್‌ಎಫ್‌ಸಿ 2516ರಿಂದಲೂ ಅದು ತನ್ನ 8 ಬೈಟು ತಿನ್ನುತ್ತದೆ, ಉಳಿಯುವುದು 1492. 1480 ಹೋಗುತ್ತದೆ, 1500 ಹೋಗುವುದಿಲ್ಲ. ಘಟ್ಟದಲ್ಲಿ ರಸ್ತೆ ಅರ್ಧ ಕುಸಿದಾಗ ಬೈಕು ಇಳಿಯುತ್ತದೆ, ಅಡಿಕೆ ಲೋಡಿನ ಲಾರಿ ನಿಲ್ಲುತ್ತದೆ, ಅದೇ ಕತೆ.

ನಿಂತರೆ ಹೇಳಬೇಕಲ್ವಾ? ಐಪಿವಿ6ರಲ್ಲಿ ದಾರಿ ನಡುವಿನ ರೂಟರ್ ಪ್ಯಾಕೆಟ್ ತುಂಡು ಮಾಡುವ ಹಾಗಿಲ್ಲ. ಬದಲು 'ಪ್ಯಾಕೆಟ್ ಟೂ ಬಿಗ್' ಅನ್ನುವ ಐಸಿಎಂಪಿವಿ6 ಸಂದೇಶ ವಾಪಸ್ ಕಳಿಸಬೇಕು. ಎರಡೂ ಕಡೆ ಟಿಸಿಪಿಡಂಪ್ (ಹೋಗಿಬರುವ ಪ್ಯಾಕೆಟ್ ತೋರಿಸುವ ಸಾಧನ) ಹಚ್ಚಿ ಕಾದೆ. ಒಂದೂ ಬರಲಿಲ್ಲ. ಪಿಪಿಪಿಒಇ ಡಯಲ್ ಮಾಡುವುದು ಐಎಸ್‌ಪಿಯ ಓಎನ್‌ಟಿ (ಫೈಬರ್ ಡಬ್ಬಿ), ಅದರ ಪಾಸ್‌ವರ್ಡ್ ಕೊಡುವುದಿಲ್ಲ, ಬ್ರಿಜ್ ಮೋಡ್ (ನನ್ನ ರೂಟರೇ ಡಯಲ್ ಮಾಡುವ ಹಾಗೆ) ಕೇಳಿದರೆ "ಪಾಲಿಸಿ ಇಲ್ಲ ಸರ್". ಅದು ರೂಟರ್ ಅಡ್ವರ್ಟೈಸ್‌ಮೆಂಟಿನಲ್ಲಾದರೂ 'ನನ್ನ ಎಂಟಿಯು 1492' ಅನ್ನಬಹುದಿತ್ತು. ಅಂದಿಲ್ಲ. ನನ್ನ ರೂಟರು ಪಾಪ, ಹೊರಗೆ 1500 ಇದೆ ಅಂತ ನಂಬಿಕೊಂಡು ಕಳಿಸುತ್ತಲೇ ಇದೆ.

ಹಾಗಾದರೆ ಸ್ಪೀಡ್ ಟೆಸ್ಟ್ ಹೇಗೆ ಅಷ್ಟು ಚೆನ್ನಾಗಿ ಬಂತು? ಓಎನ್‌ಟಿ ತನ್ನ ಮೂಲಕ ಹೋಗುವ ಟಿಸಿಪಿಯ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವ ಡೇಟಾದ ಮಿತಿ) ಅನ್ನು ಕತ್ತರಿಸಿ ಕಳಿಸುತ್ತದೆ. ಬ್ರೌಸಿಂಗ್, ಸ್ಪೀಡ್ ಟೆಸ್ಟ್, ರಿಮೋಟ್ ಡೆಸ್ಕ್‌ಟಾಪ್ ಎಲ್ಲ ಹೆಚ್ಚಾಗಿ ಟಿಸಿಪಿ, ಹಾಗಾಗಿ ಪಾಸು. ವೈರ್‌ಗಾರ್ಡ್ ಯುಡಿಪಿ, ಒಳಗೆ ಏನಿದೆ ಅಂತಲೂ ಓಎನ್‌ಟಿಗೆ ಕಾಣದು. ನಿಜ ಹೇಳಬೇಕೆಂದರೆ ಎಪಿ ಕಂಪನಿಯದೇ ಕ್ಲೌಡಿಗೆ ನೇರ ಸೇರಿಸಿದ್ದರೆ ಎಪಿಗಳ ಮಟ್ಟಿಗೆ ಈ ಗೋಳು ಇರುತ್ತಿರಲಿಲ್ಲ. ಆದರೆ ಬಿಲ್ಲಿಂಗಿಗೆ ಟನಲ್ ಹೇಗೂ ಬೇಕು. ಅಂಗಡಿಯ ಕೀಲಿಕೈ ಇನ್ನೊಬ್ಬರ ಡ್ಯಾಶ್‌ಬೋರ್ಡಿನಲ್ಲಿ ಇಡುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಇಷ್ಟಾದ ಮೇಲೂ ಒಂದು ತಲೆಬಿಸಿ ಉಳಿಯಿತು. ಲೆಕ್ಕದ ಪ್ರಕಾರ 1492ರಲ್ಲಿ 80 (32+8+40) ಕಳೆದರೆ 1412. ಅಂದರೆ ಟನಲ್ ಒಳಗೆ, ತುಂಡು ಮಾಡಬೇಡ ಅಂತ ಹೇಳಿ ಐಪಿವಿ4 ಪಿಂಗ್ ಹಾಕಿದರೆ 1384ರ ಪೇಲೋಡ್ ಹೋಗಬೇಕು, 28 ಹೆಡರ್ ಸೇರಿ 1412. ಹಾಕಿದೆ. ಹೋಗಲಿಲ್ಲ. 1383 ಇಲ್ಲ, 1382 ಇಲ್ಲ, 1381 ಇಲ್ಲ. 1380 ಹೋಯಿತು! ಇನ್ನೂ ನಾಲ್ಕು ಬೈಟು ಯಾರು ತಿಂದರು? ಐಎಸ್‌ಪಿಯೊಳಗೆ ವಿಲ್ಯಾನ್ ಟ್ಯಾಗ್ (ಒಂದೇ ತಂತಿಯಲ್ಲಿ ಬೇರೆ ಬೇರೆ ಜಾಲ ಗುರುತಿಸುವ ಚೀಟಿ) ಇರಬೇಕು, ಟ್ಯಾಗೂ ನಾಲ್ಕೇ ಬೈಟು ಅಲ್ವಾ ಅಂತ ಅದರ ಹಿಂದೆ ಬಿದ್ದೆ. ಟನಲ್ ಬಿಟ್ಟು ನೇರ ಐಪಿವಿ6 ಪಿಂಗ್ ಹಾಕಿದರೆ 1444 ಸಲೀಸಾಗಿ ಹೋಯಿತು, 48 ಸೇರಿ ಸರಿಯಾಗಿ 1492. ಲೈನ್ ಸರಿ ಇದೆ, ಟನಲ್ಲಿಗೆ ಮಾತ್ರ ನಾಲ್ಕು ಕಮ್ಮಿ.

ಕಳ್ಳ ವೈರ್‌ಗಾರ್ಡಿನ ಒಳಗೇ ಇದ್ದ. ಅದು ಪ್ರತಿ ಪ್ಯಾಕೆಟ್ಟನ್ನು ಎನ್‌ಕ್ರಿಪ್ಟ್ ಮಾಡುವ ಮೊದಲು 16ರ ಮಗ್ಗಿಗೆ ಬರುವಷ್ಟು ಸೊನ್ನೆ ತುಂಬುತ್ತದೆ, ನೋಡುವವರಿಗೆ ನಿಜವಾದ ಉದ್ದ ಸಿಗಬಾರದು ಅಂತ. ಆದರೆ ಇಂಟರ್‌ಫೇಸಿನ ಎಂಟಿಯು ದಾಟುವುದಿಲ್ಲ. 1408 ಅಂದರೆ 16 ಎಂಬತ್ತೆಂಟಲಿ, ಏನೂ ತುಂಬಬೇಕಿಲ್ಲ, ಹೊರಗೆ 1488, ಪಾಸು. 1409 ಆದ ಕೂಡಲೇ 1424ಕ್ಕೆ ಏರಬೇಕು, ಎಂಟಿಯು 1420 ಇರುವುದರಿಂದ 1420ಕ್ಕೆ ನಿಲ್ಲುತ್ತದೆ, ಹೊರಗೆ 1500, ಢಮಾರ್. 1408ರಲ್ಲಿ 28 ಕಳೆಯಿರಿ, 1380. ಕಾಗದದ ಮೇಲೆ ಇದು ಕೂಡಿದಾಗ ರಾತ್ರಿ ಬಹಳ ಹೊತ್ತಾಗಿತ್ತು, ಆದರೂ ಎದ್ದು ಚಾ ಮಾಡಿ ಕುಡಿದೆ. ಪಿಂಗ್ ಹಾಕಿ ಎಂಟಿಯು ಅಳೆಯುವವರು ಇದನ್ನು ನೆನಪಿಡಿ. ಎಂಟಿಯು 1412 ಅಂತ ಇಳಿಸಿದ ಮೇಲೆ ಅದೇ 1384ರ ಪಿಂಗ್ ಹೋಗುತ್ತದೆ. ತುಂಬುವುದು 1412ಕ್ಕೇ ನಿಲ್ಲುತ್ತದೆ, ಹೊರಗೆ 1492. ಅಳತೆಗೋಲೇ ಅಳತೆಯನ್ನು ಬದಲಿಸುತ್ತಿತ್ತು.

ಪರಿಹಾರ ಎರಡು ಸಾಲು. ಶಿರಸಿಯ ವೈರ್‌ಗಾರ್ಡ್ ಇಂಟರ್‌ಫೇಸಿಗೂ ವಿಪಿಎಸ್‌ದಕ್ಕೂ 1412. ವಿಪಿಎಸ್‌ನಲ್ಲಿ ಮೂರೂ ಜಾಗಕ್ಕೆ ಒಂದೇ ಇಂಟರ್‌ಫೇಸ್ ಇದೆ, ಹಾಗಾಗಿ ಕುಮಟೆ, ಕಾರವಾರಕ್ಕೂ ಅದೇ ಹಾಕಿದೆ. ಎಂಟು ಬೈಟು ಹೋದರೆ ಅವರಿಗೇನೂ ನಷ್ಟ ಇಲ್ಲ. ಜೊತೆಗೆ ರೂಟರುಗಳ ಫೈರ್‌ವಾಲ್‌ನಲ್ಲಿ ಟನಲ್ ಝೋನಿಗೆ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಆನ್. ಎಪಿಗಳ ಈಥರ್‌ನೆಟ್ 1500ರಲ್ಲೇ ಇದೆ, ಅವುಗಳ ಟಿಸಿಪಿಗೆ 1372 (1412ರಲ್ಲಿ ಹೆಡರಿನ 40 ಕಳೆದು) ಸಾಕು ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು.

"1280 ಹಾಕಿ ಮಲಗು" ಅನ್ನುವವರು ಇದ್ದಾರೆ. ಕೆಲಸ ಆಗುತ್ತದೆ, ಬೇಡ ಅನ್ನುವುದಿಲ್ಲ. ಐಪಿವಿ6 ಓಡುವ ಯಾವ ಲೈನೂ 1280ಕ್ಕಿಂತ ಕೆಳಗಿಳಿಯುವ ಹಾಗಿಲ್ಲ. ಆದರೆ ಟನಲ್‌ಗೆ 1280 ಹಾಕಿದರೆ ಹೊರಗೆ 80 ಸೇರಿ 1360 ಆಗುತ್ತದಲ್ಲ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಕಾರಣ ಗೊತ್ತಿಲ್ಲದೆ ಗುಣವಾದ ನೆಟ್‌ವರ್ಕ್ ನನಗೆ ನಿದ್ದೆ ಕೊಡುವುದಿಲ್ಲ. ಇನ್ನು ಕೆಲವರು ಎಎಎಎ ರೆಕಾರ್ಡ್ ಕಿತ್ತು ಹಾಕು ಅಂದರು. ಅದು ಖಂಡಿತ ಬೇಡ. ಶಿರಸಿಯ ಐಪಿವಿ4 ಇರುವುದು ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಹೊರವಿಳಾಸ ಹಂಚುವ ವ್ಯವಸ್ಥೆ) ಹಿಂದೆ, ಓಎನ್‌ಟಿಯ ಹೊರಗಿನ ವಿಳಾಸ 100.64ರ ಬಳಗದ್ದು. 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ ಕಳಿಸಿ ಬಾಗಿಲು ತೆರೆದಿಟ್ಟುಕೊಳ್ಳಬೇಕು. ಸರಿಯಾದ ಐಪಿವಿ6 ಸಿಕ್ಕಿರುವಾಗ ಅದನ್ನು ಬಿಟ್ಟು ಹಿಂದೆ ಹೋಗುವುದು ಯಾಕೆ?

ಹಸಿರು ಚುಕ್ಕೆಯ ಮೇಲೆ ಮಾತ್ರ ನನಗೆ ಸಿಟ್ಟು ಇಳಿದಿಲ್ಲ. ಅದು ನೋಡುವುದು ಹಾರ್ಟ್‌ಬೀಟ್, ಅದೋ ಚಿಕ್ಕ ಪ್ಯಾಕೆಟ್ಟು. ಹಾಗಾಗಿ ವಿಪಿಎಸ್‌ನಲ್ಲಿ ಒಂದು ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಕೂರಿಸಿದ್ದೇನೆ. ಮೂರೂ ರೂಟರಿಗೆ ಆಗಾಗ 1384ರ ದೊಡ್ಡ ಪಿಂಗ್ ಹಾಕುತ್ತದೆ, ಹೋಗದಿದ್ದರೆ ಟೆಲಿಗ್ರಾಮ್‌ಗೆ ಸಂದೇಶ. ಎಂಡ್‌ಪಾಯಿಂಟ್ ಐಪಿವಿ4ರಿಂದ 6ಕ್ಕೆ ಹಾರಿದರೂ ಹೇಳುತ್ತದೆ.

ಭಾವನಿಗೆ ಇದೆಲ್ಲ ವಿವರಿಸಿದೆ. ಎಲ್ಲ ಕೇಳಿ, "ಅಂದ್ರೆ ಸ್ವಿಚ್ ಬದಲ್ಸಿದ್ದು ದಂಡ ಅಲ್ದಾ?" ಅಂದ. ಹೌದು ಭಾವ. ಹಳೆ ಸ್ವಿಚ್ ಈಗ ನನ್ನ ಟೇಬಲ್ ಮೇಲಿದೆ, ಬೇರೆ ಕೆಲಸಕ್ಕೆ ಆಗುತ್ತದೆ.

ಆ ಬೇರೆ ಕೆಲಸ ಏನೆಂದರೆ ಮಳೆ ಅಲಾರಂ. ಚಾಲಿ ಅಡಿಕೆ ಅಂಗಳದಲ್ಲಿ ತಿಂಗಳಿಗೂ ಜಾಸ್ತಿ ಒಣಗಬೇಕು. ನಡುವೆ ಅಕಾಲದ ಮಳೆ ಬಂದರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡುವುದು. ಅಂಗಳದ ಮೂಲೆಯಲ್ಲೊಂದು ಇಎಸ್‌ಪಿ32, ಮಳೆ ಸೆನ್ಸರ್, ತೋಟದ ಮನೆಯವರೆಗೆ ಲೋರಾ. ಅಲ್ಲಿಂದ ಇದೇ ಟನಲ್ ಹಿಡಿದು ಇದೇ ವಿಪಿಎಸ್‌ಗೆ. ಲೋರಾ ಪ್ಯಾಕೆಟ್ಟು ಎಷ್ಟು ಚಿಕ್ಕದೆಂದರೆ ಎಂಟಿಯು ಚಿಂತೆಯೇ ಇಲ್ಲ! ನಮ್ಮಲ್ಲಿ ಲೋರಾಕ್ಕೆ ಬಳಸುವ, ಲೈಸೆನ್ಸ್ ಬೇಡದ ಬ್ಯಾಂಡು 865ರಿಂದ 868 ಮೆಗಾಹರ್ಟ್ಸ್. ಅದನ್ನೇ ಬರೆದು ಮಾಡ್ಯೂಲ್ ತರಿಸಿದೆ. ಡಬ್ಬಿ ಒಡೆದರೆ 433ರದ್ದು. ಅಂಗಡಿಯವನು ಬೇರೆ, ಉತ್ತರ ಅದೇ: "ಎರಡೂ ಒಂದೇ ಸರ್."

433ರ ಜೋಡಿ ಯಾರಿಗಾದರೂ ಬೇಕಿದ್ದರೆ ಹೇಳಿ, ಅರ್ಧ ರೇಟಿಗೆ ಕೊಡುತ್ತೇನೆ. 24 ವೋಲ್ಟಿನ ಇಂಜೆಕ್ಟರ್ ಜೊತೆಗೆ ಫ್ರೀ.