ಕಾಲು ಮುಟ್ಟಿ ನೋಡುವ ವಿದ್ಯೆ

ರೇಸ್ ಕುದುರೆಗಳನ್ನು ತಯಾರು ಮಾಡುವವನಿಗೆ ಸವಾರಿಗಿಂತ ಹೆಚ್ಚಾಗಿ ಬೇಕಾದದ್ದು ಕುದುರೆಯ ಕಾಲು ಮುಟ್ಟಿ ನೋಡುವ ವಿದ್ಯೆ ಎಂದು ನಾನು ನಂಬಿದ್ದೇನೆ. ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನಿಂದ ಕೆಳಗೆ ಮಾಂಸಖಂಡಗಳಿರುವುದಿಲ್ಲ. ಎಲುಬು, ಅದರ ಹಿಂದೆ ಹುರಿಗಟ್ಟಿದಂತಿರುವ ನರಗಳು (ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳು), ಮೇಲೊಂದು ತೆಳುವಾದ ಚರ್ಮ, ಇಷ್ಟೇ. ಸುಮಾರು ಐನೂರು ಕಿಲೋ ತೂಗುವ ಆ ದೇಹ ನಾಗಾಲೋಟದಲ್ಲಿರುವಾಗ ಪ್ರತಿ ಹೆಜ್ಜೆಯ ಸುತ್ತಿನಲ್ಲೂ ಒಂದು ಕ್ಷಣ ಒಂದೇ ಕಾಲಿನ ಮೇಲೆ ಇರುತ್ತದೆ. ಆ ನರಕ್ಕೆ ಪೆಟ್ಟಾದರೆ ಕುದುರೆ ಕುಂಟುವುದಕ್ಕೆ ಮೊದಲೇ ಎಷ್ಟೋ ಸಲ ಆ ಜಾಗ ಬೆಚ್ಚಗಾಗುತ್ತದೆ. ಆದ್ದರಿಂದ ನಸುಕಿನಲ್ಲಿ ಜೀನು ಹಾಕುವ ಮೊದಲು ಕಾಲನ್ನು ಎತ್ತಿ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಆ ನರವನ್ನು ಮೇಲಿನಿಂದ ಗೊರಸಿನವರೆಗೆ ಸವರಿ, ಆಮೇಲೆ ಇನ್ನೊಂದು ಕಾಲನ್ನೂ ಹಾಗೆಯೇ ನೋಡಿ, ಎರಡನ್ನೂ ಹೋಲಿಸಬೇಕು.

ಇದನ್ನು ನನಗೆ ಕಲಿಸಿದವರು ನನ್ನ ಅಪ್ಪ. 1972ರ ಬರದಲ್ಲಿ ವಿಜಾಪುರ ಸೀಮೆಯ ಹಳ್ಳಿ ಬಿಟ್ಟು ಮುಂಬಯಿಗೆ ಬಂದ ಅವರು ಮಹಾಲಕ್ಷ್ಮಿ ರೇಸ್‌ಕೋರ್ಸಿನ ಲಾಯವೊಂದರಲ್ಲಿ ಸಯೀಸರಾಗಿ, ಅಂದರೆ ಕುದುರೆ ನೋಡಿಕೊಳ್ಳುವ ಆಳಾಗಿ, ಸೇರಿಕೊಂಡರು. ಎತ್ತುಗಳ ಜೊತೆ ಬೆಳೆದ ಅವರಿಗೆ ಮೂಕ ಪ್ರಾಣಿಯ ಮೈ ಓದುವುದು ಹೊಸದೇನೂ ಆಗಿರಲಿಲ್ಲ. ‘ತಮ್ಮಾ, ಕೈಗೆ ಬಿಸಿ ಹತ್ತಿತಂದ್ರ ಇವತ್ತ ಓಡಸಬ್ಯಾಡ, ಮಾಲಕರು ಏನರ ಅನ್ನಲಿ’ ಎಂದು ಅವರು ಹೇಳುತ್ತಿದ್ದ ಮಾತಿಗೆ ಆಗ ಲಾಯದಲ್ಲಿ ಬೆಲೆ ಇರಲಿಲ್ಲ, ಏಕೆಂದರೆ ಸಯೀಸನ ಮಾತು ಅವನ ಮೇಲ್ವಿಚಾರಕನಾದ ಜಮಾದಾರನನ್ನು ದಾಟಿ ಟ್ರೇನರ್‌ವರೆಗೆ ಹೋಗುವುದೇ ಅಪರೂಪ. ಅಪ್ಪನ ಕಾಲದ ಸಯೀಸರ ಬಾಯಲ್ಲಿ ಸದಾ ಇದ್ದದ್ದು ಸ್ಕ್ವಾಂಡರರ್ ಎಂಬ ಕುದುರೆಯ ಹೆಸರು. ರಶೀದ್ ಬೈರಾಮ್‌ಜಿಯವರ ಕೈಯಲ್ಲಿ ತಯಾರಾಗಿ 1977ರ ಇಂಡಿಯನ್ ಡರ್ಬಿ ಗೆದ್ದ ಅದು ಓಡಿದ 19 ರೇಸುಗಳಲ್ಲಿ 18ನ್ನು ಗೆದ್ದಿತ್ತು. ಉಳಿದವರು ಅದರ ವೇಗದ ಬಗ್ಗೆ ಮಾತಾಡಿದರೆ, ಅಪ್ಪ ಅದರ ಕಾಲುಗಳ ಬಗ್ಗೆ ಮಾತಾಡುತ್ತಿದ್ದರು.

ಲದ್ದಿ ಬಾಚುವುದು, ಖರಾರಾ ಮಾಡುವುದು (ಕುದುರೆಯ ಮೈ ಉಜ್ಜುವುದು), ಮೇವು ಅಳೆಯುವುದು, ಆಮೇಲೆ ಬೆಳಗಿನ ಸವಾರಿ, ಅದಾದ ಮೇಲೆ ಸಹಾಯಕ ಟ್ರೇನರ್, ಬಹಳ ವರ್ಷಗಳ ನಂತರ ರೇಸ್ ಕ್ಲಬ್ಬಿನಿಂದ ಟ್ರೇನರ್ ಲೈಸೆನ್ಸ್: ನಾನು ನಡೆದ ದಾರಿ ಇದು. ಇವುಗಳಲ್ಲಿ ಮೇವಿನ ಪಾಠವನ್ನು ಈಗಲೂ ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ದೇಹದ ಗಾತ್ರಕ್ಕೆ ಹೋಲಿಸಿದರೆ ಕುದುರೆಯ ಜಠರ ಬಹಳ ಚಿಕ್ಕದು, ತಿಂದದ್ದನ್ನು ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಹೀಗಾಗಿ ಓಟ್ಸ್ ಆಗಲಿ, ಕುದುರೆ ಮಸಾಲೆ ಸೊಪ್ಪಾಗಲಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ ಕೊಡಬೇಕು. ಒಮ್ಮೆಲೇ ಸುರಿದರೆ ಹೊಟ್ಟೆಶೂಲೆ ಹತ್ತಿ ಜೀವಕ್ಕೇ ಸಂಚಕಾರ ಬರುತ್ತದೆ.

ಮುಂಬಯಿ ಕಲಿಸಿದ ಇನ್ನೊಂದು ಪಾಠ ಬೆವರಿನದು. ಇಲ್ಲಿನ ಸೆಕೆಯಲ್ಲಿ ಕೆಲವು ಕುದುರೆಗಳು ಕ್ರಮೇಣ ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಓಡಿ ಬಂದ ಮೇಲೆ ಮೂಗಿನ ಹೊಳ್ಳೆಗಳು ಅರಳಿ ಪಕ್ಕೆಗಳು ಏರಿಳಿಯುತ್ತಿದ್ದರೂ ಕತ್ತಿನ ಮೇಲೆ ಕೈಯಿಟ್ಟರೆ ಕೂದಲು ಒಣಗಿಯೇ ಇರುತ್ತದೆ. ಅಂಥದನ್ನು ನೆರಳಿಗೆ ತಂದು, ಮೇಲಿಂದ ಮೇಲೆ ತಣ್ಣೀರು ಸುರಿದು, ಮರುದಿನದಿಂದ ಬಿಸಿಲು ಏರುವ ಮೊದಲೇ ಅದರ ಕೆಲಸ ಮುಗಿಸಬೇಕು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ಮಳೆಗಾಲದ ರೇಸುಗಳು ನಡೆಯುವುದರಿಂದ ನಮ್ಮ ಕುದುರೆಗಳು ವರ್ಷದಲ್ಲಿ ಕೆಲವು ತಿಂಗಳು ಘಟ್ಟ ಹತ್ತುತ್ತವೆ. ಮಹಾಲಕ್ಷ್ಮಿಯಲ್ಲಿ ಸೊರಗಿದ್ದ ಕುದುರೆ ಅಲ್ಲಿ ಮೈ ತುಂಬಿಕೊಳ್ಳುವುದನ್ನು ನೋಡುವುದೇ ಒಂದು ಸಂತೋಷ.

ಎಳೆಯ ಕುದುರೆಗಳ ವಿಷಯದಲ್ಲಿ ಮಾತ್ರ ನನಗೂ ಕೆಲವು ಮಾಲೀಕರಿಗೂ ಈಗಲೂ ಹೊಂದಿಕೆಯಾಗುವುದಿಲ್ಲ. ನಮ್ಮಲ್ಲಿ ರೇಸ್ ಕುದುರೆಗಳೆಲ್ಲಕ್ಕೂ ಜನವರಿ 1ರಂದೇ ವಯಸ್ಸು ಏರುತ್ತದೆ. ಜನವರಿಯಲ್ಲಿ ಹುಟ್ಟಿದ ಮರಿಯೂ ಏಪ್ರಿಲ್‌ನಲ್ಲಿ ಹುಟ್ಟಿದ ಮರಿಯೂ ಕಾಗದದ ಮೇಲೆ ಒಂದೇ ವಯಸ್ಸಿನವು, ಆದರೆ ಎಲುಬು ಕಾಗದವನ್ನು ನೋಡಿ ಬಲಿಯುವುದಿಲ್ಲ. ಮೊಣಕಾಲಿನ ಮೇಲಿನ ಎಲುಬಿನ ತುದಿ ಬೆಳೆದು ಮುಗಿಯಲು ಎರಡು, ಎರಡೂವರೆ ವರ್ಷ ಬೇಕು. ಹಾಗೆಂದು ಮರಿಯನ್ನು ಲಾಯದಲ್ಲಿ ಸುಮ್ಮನೆ ಕಟ್ಟಿಹಾಕುವುದೂ ಸರಿಯಲ್ಲ. ವೇಗದ ಓಟದ ರುಚಿಯೇ ಕಾಣದ ಎಲುಬು ವೇಗಕ್ಕೆ ಗಟ್ಟಿಯಾಗುವುದಿಲ್ಲ. ಉದ್ದನೆಯ ದೌಡುಗಳನ್ನು ಕಡಿಮೆ ಮಾಡಿ, ನಡುನಡುವೆ ಚಿಕ್ಕ ದೂರದ ಚುರುಕಾದ ಓಟ ಕೊಟ್ಟು, ಮುಂಗಾಲಿನ ಮುಂಭಾಗದ ಎಲುಬನ್ನು ಒತ್ತಿದಾಗ ಮರಿ ಕಾಲು ಎಳೆದುಕೊಂಡರೆ ಅಲ್ಲಿಗೇ ನಿಲ್ಲಿಸುವುದು ನನ್ನ ಕ್ರಮ. 2400 ಮೀಟರ್‌ಗಳ ಇಂಡಿಯನ್ ಡರ್ಬಿ ನಾಲ್ಕು ವರ್ಷದ ಕುದುರೆಗಳಿಗಾಗಿ ಇರುವ ಓಟವಾಗಿರುವಾಗ ಎರಡನೆಯ ವರ್ಷದಲ್ಲೇ ಅವಸರಪಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಈ ಕಾರಣಕ್ಕೆ ತಮ್ಮ ಕುದುರೆಗಳನ್ನು ಬೇರೆ ಲಾಯಕ್ಕೆ ಒಯ್ದ ಮಾಲೀಕರೂ ಇದ್ದಾರೆ. ಅದರಿಂದ ವರಮಾನ ಕಡಿಮೆಯಾಯಿತಾದರೂ ಕ್ರಮವನ್ನು ಬದಲಿಸಬೇಕೆಂದು ನನಗೆ ಅನ್ನಿಸಲಿಲ್ಲ.

ಊರಿನ ಕಡೆಯ ಹುಡುಗರು ಕೆಲಸ ಕಲಿಯಲು ಈಗಲೂ ಬರುತ್ತಾರೆ, ಬಂದ ದಿನವೇ ಕುದುರೆ ಹತ್ತಬೇಕೆಂಬ ಆಸೆ ಅವರದು. ಮೊದಲ ತಿಂಗಳುಗಳಲ್ಲಿ ಅವರಿಗೆ ನಾನು ಒಪ್ಪಿಸುವುದು ಬೆಳಗಿನ ಕಾಲು ನೋಡುವ ಕೆಲಸವನ್ನೇ. ಅವರು ನೋಡಿ ಹೇಳಿದ್ದನ್ನು ಜಮಾದಾರ ವಹಿಯಲ್ಲಿ ಬರೆದುಕೊಳ್ಳುತ್ತಾನೆ, ಮತ್ತು ಆ ವಹಿಯನ್ನು ಓದದೆ ನಾನು ಯಾವ ಕುದುರೆಯನ್ನೂ ಟ್ರ್ಯಾಕಿಗೆ ಕಳಿಸುವುದಿಲ್ಲ.